ಹಿತ್ತಲಿಗೆ ಹೋದ ಓದುವ ಕೋಣೆ

ಸ್ನೇಹಿತರೇ, ನಾನೇ ಹೇಳಿಕೊಟ್ಟ ಮಾತು ಇವತ್ತು ನನ್ನ ಬಾಯಿ ಮುಚ್ಚಿಸಿತು.

ಶಿಡ್ಲಘಟ್ಟದ ಹತ್ತಿರ ರೇಷ್ಮೆ ಹುಳು ಸಾಕುವ ಕುಟುಂಬವೊಂದಕ್ಕೆ ಮನೆ ವಿನ್ಯಾಸ ಮಾಡುತ್ತಿದ್ದೇನೆ. ಒಳಗೆ ಅಡ್ಡಗೋಡೆಗಳಿಲ್ಲದ, ಬಯಲಾದ ಸರಳ ಮನೆ. ಬೇಕೆಂದ ಒಂದೆರಡು ಕೋಣೆಗಳು ಪೆಟ್ಟಿಗೆಯ ಹಾಗೆ ಕಾರ್ಖಾನೆಯಲ್ಲೇ ತಯಾರಾಗಿ ಬರುತ್ತವೆ, ಬೇಕಾದ ಕಡೆ ತಂದು ಜೋಡಿಸಿದರಾಯಿತು. ಸೊಸೆ ಶಾಲೆಯಲ್ಲಿ ಟೀಚರ್. ಆಕೆಯ ಓದು ಬರಹಕ್ಕೆಂದು ಪುಟ್ಟ ಕೋಣೆಯೊಂದನ್ನು ಪಡಸಾಲೆಯ ಪಕ್ಕಕ್ಕೇ ಸೇರಿಸಿದ್ದೆ.

ಇವತ್ತು ನಕ್ಷೆ ನೋಡಿದ ಆಕೆಯ ಮಾವ ಆ ಕೋಣೆಯ ಮೇಲೆ ಬೆರಳಿಟ್ಟರು.

"ಇದನ್ನ ತೆಗ್ದು ಹಿತ್ತಲಲ್ಲಿ ಇಡ್ರಮ್ಮ. ಮನೆ ಪೂರ್ತಿ ಬಯಲು ಮಾಡಿದ್ದೀರಿ, ಮುಟ್ಟಾದೋಳು ಎಲ್ಲಿ ಕೂರಬೇಕು? ಹುಳಕ್ಕೆ ಮೈಲಿಗೆ ತಾಕಿದ್ರೆ ಬೆಳೆ ಕೈಗೆ ಹತ್ತಲ್ಲ."

"ಅದು ಅವ್ರು ಓದೋ ಕೋಣೆ ಯಜಮಾನ್ರೇ" ಎಂದೆ.

"ಯಾವ ಕೋಣೆ ಎಲ್ಲಿ ಬೇಕಾದ್ರೂ ಇಡ್ಬೋದು ಅಂತ ನೀವೇ ತಾನೇ ಹೇಳಿದ್ದು? ಅಲ್ಲೇ ಓದ್ಕೊಳ್ಲಿ ಬಿಡಿ."

ನಾನು ಸಾಕಷ್ಟು ವಾದ ಮಾಡಿದೆ. ಕೊನೆಗೆ ಅತ್ತೆ ನಡುವೆ ಬಂದರು. "ನಾನು ಹುಳದ ಮನೆ ಹಿಂದೆ ಗೋಣಿತಾಟು ಹಾಸ್ಕೊಂಡು ಮಲಗ್ತಿದ್ದೆ ಕಣಮ್ಮ. ಇವಳಿಗೆ ಫ್ಯಾನ್ ಇರುತ್ತೆ."

ನಾನು ನಕ್ಷೆ ಸುತ್ತಿಟ್ಟೆ. ಕಾಫಿ ಲೋಟ ತೆಗೆದುಕೊಳ್ಳಲು ಬಗ್ಗಿದ ಸೊಸೆ ನನಗಷ್ಟೇ ಕೇಳುವಂತೆ ಹೇಳಿದಳು: "ಚಿಲಕ ಒಳಗಡೆ ಬರೋ ಹಂಗೆ ಮಾಡ್ಸಿ ಮೇಡಂ."

ಮಾಡಿಸುತ್ತೇನೆ.

ಮನೆಯೊಳಗೆ ಬೇಡದ್ದೇನೂ ಇರಬಾರದು ಎಂದು ಮೊದಲ ಭೇಟಿಯಲ್ಲೇ ಇವರಿಗೆಲ್ಲ ಪಾಠ ಮಾಡಿದ್ದೆ. ಚೆನ್ನಾಗಿಯೇ ಕಲಿತಿದ್ದಾರೆ.