ಉರೈ ಹಾಕಿದ ತಿಲಕವತಿ

ತಮಿಳುನಾಡಿನ ಮಾಯವರದಲ್ಲಿ ಹಾಲಿಗೆ ಹಾಕುವ ಹೆಪ್ಪಿಗೆ ಉರೈ ಅನ್ನುತ್ತಾರೆ. ಕಾಗದದ ಲಕೋಟೆಗೂ, ತಲೆದಿಂಬಿನ ಚೀಲಕ್ಕೂ ಉರೈ ಎಂದೇ ಹೆಸರು. ತಿಲಕವತಿ ಮಾತು ಕಲಿತಾಗಿನಿಂದ ಮೂರನ್ನೂ ಬಲ್ಲಳು. ಆದರೂ ಎಡವಿದ್ದು ಅಲ್ಲೇ.

ಏಳನೇ ತರಗತಿಯಲ್ಲಿ ಅವಳು ಹನ್ನೊಂದು ಲೋಟಗಳಲ್ಲಿ ಹಾಲಿಟ್ಟು, ಒಂದೊಂದಕ್ಕೆ ಒಂದೊಂದು ಮನೆಯ ಹೆಪ್ಪು ಹಾಕಿ, ಯಾರದು ಗಟ್ಟಿ ಯಾರದು ಹುಳಿ ಎಂದು ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿದ್ದಳು. ಹುಳಿ ಎನಿಸಿಕೊಂಡ ಎದುರುಮನೆಯವರು ಒಂದು ವರ್ಷ ಮಾತು ಬಿಟ್ಟರು. ಮುಂದೆ ಅದನ್ನೇ ಓದಿ, ತಿರುಚ್ಚಿಯ ಒಂದು ಡೈರಿಯ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ಮೊಸರಿನ ಜೀವಾಣುಗಳನ್ನು ಸಾಕಿದಳು.

ರಜೆಗೆ ಬಂದಿದ್ದಾಗ ಒಂದು ಸಂಜೆ ಪಕ್ಕದ ಮನೆಯ ಹೊಸ ಸೊಸೆ ಬಟ್ಟಲು ಹಿಡಿದು ಬಂದಳು. ತಿಲಕವತಿಯ ತಾಯಿ ಅಲಮೇಲು ದೀಪದ ಬತ್ತಿ ಸರಿಮಾಡುತ್ತಿದ್ದಳು.

"ದೀಪ ಹಚ್ಚಾಯ್ತಲ್ಲೇ. ಈಗ ಉರೈ ಕೊಟ್ರೆ ಲಕ್ಷ್ಮೀನೂ ನಿನ್ನ ಬಟ್ಟಲಲ್ಲೇ ಕೂತ್ಕೊಂಡು ಹೋಗ್ಬಿಡ್ತಾಳೆ."

"ಹಂಗಾದ್ರೆ ಅಂಗಡೀಲಿ ಸಿಗುತ್ತಾ ಅತ್ತೆ?"

"ಉರೈ ಯಾರಾದ್ರೂ ಮಾರ್ತಾರೇನೇ!"

ತಿಲಕವತಿಯ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಹೌದಲ್ಲ, ಯಾಕೆ ಮಾರಬಾರದು?

ನಾಲ್ಕು ವರ್ಷ ಹಿಡಿಯಿತು. ಹೆಪ್ಪನ್ನು ಹಿಮಗಟ್ಟಿಸಿ, ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಒಣಗಿಸಿ, ಒಳಗಿನ ಜೀವ ಹೋಗದಂತೆ ಪುಡಿಮಾಡುವ ದಾರಿ ಕಂಡುಹಿಡಿದಳು. ಕೆಲಸ ಬಿಟ್ಟು ಊರಿಗೆ ಬಂದು, ಹಿತ್ತಲಿನ ಕೋಣೆಯಲ್ಲಿ ಕಾರ್ಖಾನೆ ಹೂಡಿದಳು. ತಿಂಗಳ ಕೊನೆಯವರೆಗೆ ಅವಳ ಕುರ್ಚಿ ಖಾಲಿ ಇಟ್ಟಿರುತ್ತೇವೆ ಎಂದಿದ್ದರು ಡೈರಿಯವರು. ತಿಂಗಳು ಮುಗಿಯುತ್ತ ಬಂತು, ಪುಡಿ ತುಂಬಿದ ಲಕೋಟೆಯಂಥ ಪೊಟ್ಟಣ ಮಾತ್ರ ಒಂದೂ ಮಾರಾಟವಾಗಲಿಲ್ಲ.

ಕೊನೆಗೆ ಮದುವೆ ಅಡುಗೆಯ ಕೋದಂಡಂ ಒಂದು ಮದುವೆಗೆ ಹಾಕಿ ನೋಡಲು ಒಪ್ಪಿದ. "ಎಂಟುನೂರು ಎಲೆ, ನಾಲ್ಕು ಕೊಳಗ ಹಾಲು. ನನ್ ಮೊಸರು ಗಟ್ಟಿಯಾದ್ರೆ ಮೂರು ತಾಲ್ಲೂಕಿನ ಅಡುಗೆಯೋರೂ ನಿನ್ ಹಿಂದೆ ಬರ್ತಾರೆ ತಂಗಚ್ಚಿ. ಆಗ್ಲಿಲ್ವೋ, ತಿರುಚ್ಚಿ ಬಸ್ ಹತ್ಕೋ."

ಮದುವೆಯ ದಿನ ಬೆಳಿಗ್ಗೆ ಆರಕ್ಕೆ ತಿಲಕವತಿ ಹೋಗಿ, ಕೋದಂಡಂ ರಾತ್ರಿ ಹೆಪ್ಪು ಹಾಕಿಟ್ಟಿದ್ದ ಕೊಳಗಗಳ ಮುಚ್ಚಳ ತೆಗೆದಳು. ಹಾಲು ಹಾಲಾಗಿಯೇ ಇತ್ತು. ಒಂದೊಂದು ಕೊಳಗದಲ್ಲೂ ಎಂಟೆಂಟು ಪೊಟ್ಟಣಗಳು, ಬಾಯಿ ಬಿಚ್ಚದೆ, ಮಕ್ಕಳು ಬಿಟ್ಟ ದೋಣಿಗಳಂತೆ ತೇಲುತ್ತಿದ್ದವು.

"ಅಣ್ಣೇ, ಹರೀಲೇ ಇಲ್ವಾ?"

"ಯಾಕೆ ಹರೀಲಿ? ಎಂಟು ಉರೈ ಹಾಕಿ ಅಂತ ಬರ್ದಿದ್ದೀಯ. ಎಂಟು ಉರೈ ಹಾಕಿದ್ದೀನಿ. ಬೇಕಾದ್ರೆ ಎಣಿಸ್ಕೋ!"

ತಿಲಕವತಿ ಪೊಟ್ಟಣದ ಮೇಲಿನ ತನ್ನದೇ ಅಕ್ಷರ ಓದಿದಳು. ಅವನು ಹೇಳಿದ್ದು ಅಕ್ಷರಶಃ ನಿಜ. ಅಳು ಬರಬೇಕಿತ್ತು, ನಗು ಬಂತು. ತರಕಾರಿ ಹೆಚ್ಚುವವರ ನಡುವೆ ಕುಂಬಳಕಾಯಿಗೆ ಒರಗಿ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ, ತಂಗಚ್ಚಿಗೆ ತಲೆ ಕೆಟ್ಟೋಯ್ತು," ಎಂದ ಕೋದಂಡಂ.

"ಒಲೆ ಹಚ್ಚಿ ಅಣ್ಣೇ!"

ಹಾಲು ಮತ್ತೆ ಕಾಯಿತು. ಪುಣ್ಯಕ್ಕೆ ಒಡೆಯಲಿಲ್ಲ. ಕಿರುಬೆರಳು ತಾಳುವಷ್ಟು ಆರಿದ ಮೇಲೆ ಹೊಸ ಪೊಟ್ಟಣಗಳನ್ನು ಹರಿದು, ಅಳತೆಗೆ ಎರಡರಷ್ಟು ಪುಡಿ ಸುರಿದಳು. ಕೊಳಗಗಳಿಗೆ ಗೋಣಿ ಸುತ್ತಿ, ಒಲೆಯ ಬೆಚ್ಚಗಿನ ಮಗ್ಗುಲಲ್ಲಿಟ್ಟಳು. ನಾದಸ್ವರ ಮೊಳಗಿತು, ತಾಳಿ ಕಟ್ಟಿದ್ದಾಯಿತು, ಎಲೆ ಹಾಕಿದರು. ಸಾಂಬಾರು ಬಂತು, ರಸಂ ಬಂತು, ಪಾಯಸ ಬಂತು. ಇನ್ನು ಉಳಿದದ್ದು ಮೊಸರು.

ಕೋದಂಡಂ ಗೋಣಿ ಬಿಚ್ಚಿ, ಒಂದು ಬಟ್ಟಲು ಮೊಗೆದು, ತಿಲಕವತಿಯ ತಲೆಯ ಮೇಲೆಯೇ ಬೋರಲು ಹಿಡಿದ. ಒಂದು ಹನಿಯೂ ಬೀಳಲಿಲ್ಲ!

"ಬಸ್ ಹೋಯ್ತು ತಂಗಚ್ಚಿ!" ಎಂದು ಕೂಗಿದ.

ಈಗ ಅವಳ ಹೆಪ್ಪು ತೆಳುಬಟ್ಟೆಯ ಪುಟ್ಟ ಚೀಲದಲ್ಲಿ ಬರುತ್ತದೆ. ಹರಿಯುವುದೇ ಬೇಡ, ಹಾಗೇ ಹಾಲಿಗೆ ಹಾಕಬಹುದು. ಅದನ್ನು ಕಂಡುಹಿಡಿದದ್ದು ತಾನೇ ಎಂದು ಕೋದಂಡಂ ಪ್ರತಿ ಮದುವೆಯಲ್ಲೂ ಹೇಳುತ್ತಾನೆ. ಹಿತ್ತಲಲ್ಲಿ ಹದಿನಾಲ್ಕು ಹೆಂಗಸರು ಚೀಲ ಹೊಲಿಯುತ್ತಾರೆ.

ಮೊನ್ನೆ ಸಂಜೆ ಲಾರಿ ಬಂದು ನಿಂತಿತ್ತು. ಅಲಮೇಲು ಬಾಗಿಲಿಗೆ ಅಡ್ಡ ನಿಂತಳು.

"ದೀಪ ಹಚ್ಚಾಯ್ತು. ಉರೈ ಹೊರಗೆ ಹೋಗೋ ಹಂಗಿಲ್ಲ."

"ಅಮ್ಮಾ, ಇದು ಆ ಉರೈ ಅಲ್ಲಮ್ಮ, ಬರೀ ಚೀಲದ ಉರೈ!"

"ಒಳಗೇನಿದೆ?"

"...ಉರೈ."

ಲಾರಿ ಬೆಳಿಗ್ಗೆ ಹೊರಟಿತು.