ಕ್ಯಾನ್ವಾಸಿನಲ್ಲಿ ಅತ್ತೆ

ಗೋಡೆಗೆ ಮೊಳೆ ಹೊಡೆಯುವ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ತೊಂಬತ್ತರ ದಶಕದ ಕೊನೆ. ಯುಗಾದಿಗೆಂದು ಶ್ರೀರಂಗಪಟ್ಟಣದಿಂದ ಗಂಡನ ಊರು ಕ್ಯಾತನಹಳ್ಳಿಗೆ ಹೋಗಿದ್ದೆ. ಚಪ್ಪಲಿ ಬಿಡುವಾಗಲೇ ಒಳಗಿನಿಂದ ಟಕ್ ಟಕ್ ಕೇಳಿಸಿತು. ನನ್ನ ಓರಗಿತ್ತಿ, ಅಂದರೆ ಭಾವನ ಹೆಂಡತಿ, ಸ್ಟೂಲಿನ ಮೇಲೆ ನಿಂತು ನಡುಮನೆಯ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಕೆಳಗೆ ಅತ್ತೆ ದೊಡ್ಡದೊಂದು ಪಟವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಪಟದಲ್ಲಿ ಅವರಿಬ್ಬರೇ. ಗಾಜಿಲ್ಲ, ಬಟ್ಟೆಯ ಮೇಲೇ ಪ್ರಿಂಟು. ಕಲರ್ ಎಂಥದ್ದು! ಥೇಟ್ ಆಯಿಲ್ ಪೇಂಟಿಂಗು.

"ಕ್ಯಾನ್ವಾಸು ಕಣವ್ವ. ಸ್ಟುಡಿಯೋದೋನು ಬೆಂಗ್ಳೂರಿಂದ ತರ್ಸವ್ನೆ. ನೂರು ವರ್ಸ ಏನೂ ಆಗಕಿಲ್ವಂತೆ," ಎಂದಳು ಓರಗಿತ್ತಿ.

"ಯಾವ ಸ್ಟುಡಿಯೋ ಅಕ್ಕ?"

"ನಿಮ್ಮೂರ್ದೇಯ. ನಿಮಿಷಾಂಬನ ಗುಡಿಗೆ ಬಂದಿದ್ವಲ್ಲ, ಅಂಗೇ ತೆಗುಸ್ಕಂಡೊ."

ಅದು ನನ್ನ ಮನೆಯ ಹಿಂದಿನ ಬೀದಿಯ ಸ್ಟುಡಿಯೋ. ಅಲ್ಲಿವರೆಗೆ ಬಂದವರು ನನ್ನ ಬಾಗಿಲಿಗೆ ಬಂದಿರಲಿಲ್ಲ.

"ನನ್ನನ್ನೂ ಕರೀಬಹುದಿತ್ತಲ್ಲ ಅತ್ತೆ?" ನಗುತ್ತಲೇ ಕೇಳಿದೆ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ, ಹಲ್ಲು ಕಾಣಿಸದ ಪೊಲೈಟ್ ನಗು.

"ನೀನು ಇಂಗ್ಲೀಸ್ ಓದ್ದೋಳು. ಪಟದಾಗೆ ಇಲ್ದಿದ್ರೂ ನಾಕ್ ಜನ ಗುರ್ತಿಡೀತಾರೆ ಬುಡು. ಈ ಗೂಬೆಯ ಯಾರ್ ಕೇಳ್ತಾರೆ?" ಎಂದು ಅತ್ತೆ ಓರಗಿತ್ತಿಯ ಕಾಲಿಗೆ ಚಿವುಟಿದರು. ಸ್ಟೂಲು ಅಲುಗಾಡಿತು, ಇಬ್ಬರೂ ಬಿದ್ದು ಬಿದ್ದು ನಕ್ಕರು. ನನ್ನನ್ನು ಅತ್ತೆ ಒಂದು ಸಲವೂ ಗೂಬೆ ಎಂದವರಲ್ಲ.

ಆಮೇಲೆ ಹೋದಾಗಲೆಲ್ಲ ಆ ಪಟದಲ್ಲಿ ಕೊರತೆ ಹುಡುಕುತ್ತಿದ್ದೆ. ಕಿಟಕಿಯ ಬಿಸಿಲಿಗೆ ಫೇಡ್ ಆಗಿರಬೇಕು, ಒಲೆಯ ಹೊಗೆಗೆ ಕಂದಿರಬೇಕು. ಏನೂ ಆಗಿರುತ್ತಿರಲಿಲ್ಲ. ನನ್ನ ಮದುವೆಯ ಫೋಟೋಗಳಾದರೆ ಆಲ್ಬಮ್ಮಿನೊಳಗೇ ಹಳದಿಯಾಗುತ್ತಿದ್ದವು.

ಮುಂದಿನ ವರ್ಷ ಅತ್ತೆ ಮುತ್ತೈದೆಯಾಗಿಯೇ ತೀರಿಕೊಂಡರು. ಅಂದಿನಿಂದ ಓರಗಿತ್ತಿ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಪಟದ ಅತ್ತೆಯ ಮುಖ ಒರೆಸಿ, ಹಣೆಗೆ ಕುಂಕುಮ ಇಡುತ್ತಿದ್ದಳು, ಎಲ್ಲ ಮನೆಗಳಲ್ಲೂ ತೀರಿಹೋದವರ ಪಟಕ್ಕೆ ಮಾಡುವ ಹಾಗೆ. ಇದಕ್ಕೆ ಗಾಜಿಲ್ಲ ಎನ್ನುವುದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ವರ್ಷದ ತಿಥಿಗೆ ಹೋಗಿ ನೋಡುತ್ತೇನೆ, ಅತ್ತೆಯ ಹಣೆ, ಕಣ್ಣು, ಬಾಯಿ ಎಲ್ಲ ತೊಳೆದುಹೋಗಿ ಬಟ್ಟೆಯ ನೂಲು ಕಾಣುತ್ತಿದೆ. ಪಕ್ಕದಲ್ಲಿ ಓರಗಿತ್ತಿಯ ಮುಖ ಮಾತ್ರ ಬ್ರ್ಯಾಂಡ್ ನ್ಯೂ. ಬದುಕಿರುವವರ ಪಟಕ್ಕೆ ಯಾರು ಕುಂಕುಮ ಇಡುತ್ತಾರೆ? ಸಂಕಟವಾಯಿತು, ಅದರ ಜೊತೆಗೇ ಸ್ವಲ್ಪ ಸಮಾಧಾನವೂ ಆಯಿತು.

"ಅಕ್ಕ, ನೆಗೆಟಿವ್ ಸ್ಟುಡಿಯೋದಲ್ಲಿ ಇದ್ದೇ ಇರುತ್ತೆ. ಹೊಸದು ಮಾಡಿಸಿ ಗ್ಲಾಸ್ ಹಾಕಿಸಿಕೊಡ್ತೀನಿ."

"ಯಾಕವ್ವ? ಇದ್ಕೇನಾಗೈತೆ?"

"ಅತ್ತೆ ಮುಖವೇ ಇಲ್ವಲ್ಲ."

"ನಿಂಗ್ ಕಾಣಕಿಲ್ವಾ?" ಅವಳಿಗೆ ನಿಜಕ್ಕೂ ಆಶ್ಚರ್ಯ. ಹತ್ತಿರ ಹೋಗಿ ಆ ಬೋಳು ಬಟ್ಟೆಯ ಮೇಲೆ ಬೆರಳಾಡಿಸಿದಳು. "ಇಲ್ ನೋಡು, ಕಣ್ಣು, ಉಬ್ಬು. ಇಲ್ಲಿ ಕೆನ್ನೆ. ಎಂಗೆ ನಗ್ತಾವ್ಳೆ ನಮ್ಮತ್ತೆ!"

ಕನ್ನಡಕ ಒರೆಸಿಕೊಂಡು ನೋಡಿದೆ. ಬರೀ ಬಟ್ಟೆ. ಹೊಟ್ಟೆಯೊಳಗಿನ ಉರಿ ಮೊದಲಿಗಿಂತ ಜೋರಾಗಿ ಎದ್ದಿತು.

ಸಂಜೆ ಅವಳು ಬಸ್ ಸ್ಟಾಪಿನವರೆಗೆ ಬಂದಳು. ಸೀಟು ಸಿಕ್ಕಿ ನಾನು ಕಿಟಕಿಯಿಂದ ಕೈ ಬೀಸುವಷ್ಟರಲ್ಲಿ ಬೆನ್ನು ತಿರುಗಿಸಿ ಮನೆಯ ಕಡೆ ಬಿರಬಿರನೆ ಹೊರಟಿದ್ದಳು, ಅಲ್ಲಿ ಯಾರೋ ಕಾಯುತ್ತಿದ್ದಾರೆ ಎನ್ನುವ ಹಾಗೆ. ನಾನು ಅವಳನ್ನು ನೋಡಿದ್ದು ಅದೇ ಕೊನೆ; ಮುಂದಿನ ಯುಗಾದಿಯ ಹೊತ್ತಿಗೆ ಅವಳೂ ಇರಲಿಲ್ಲ.