ಬೆಟ್ಟ ಹತ್ತಿಸಿ ಮಸಿ ಸುಡುವ ಮೃತ್ಯುಂಜಯ

ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಬೂದು ಬಣ್ಣದ ಹಳೆಯ ಡೀಸೆಲ್ ಕಾರೊಂದು ಎರಡನೇ ಗೇರಿನಲ್ಲೇ ಅರಚಿಕೊಂಡು ಏರುತ್ತಿದೆ. ವಾಯುವಿಹಾರಕ್ಕೆ ಬಂದವರು ಕಿವಿ ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಗೇರು ಹಾಕಲು ಬಾರದವನ ಕೈಗೆ ಕಾರು ಕೊಟ್ಟವರು ಯಾರು ಎಂದು ಒಬ್ಬರು ಕೂಗಿಯೇ ಕೇಳುತ್ತಾರೆ. ಸ್ಟಿಯರಿಂಗ್ ಹಿಡಿದ ಮೃತ್ಯುಂಜಯ ಅವರಿಗೆ ಇದ್ಯಾವುದೂ ಕೇಳಿಸುವುದಿಲ್ಲ. ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಕಣ್ಣು ಎದುರಿನ ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿರುವ ಪುಟ್ಟ ಹಳದಿ ದೀಪದ ಮೇಲೆ. ಎಡಗಾಲು ತನ್ನಷ್ಟಕ್ಕೆ ಕುಣಿಯುತ್ತಿದೆ.

“ಆರೋಗವ್ವ ತಾಯಿ, ಸಾಕು, ಆರೋಗು” ಎಂದು ಅವರು ದೀಪವನ್ನು ಬೇಡುತ್ತಾರೆ.

ಹಿಂದಿನ ಸೀಟಿನಲ್ಲಿ ಕಾರಿನ ಒಡತಿ ಶಾರದ ಚೀಲ ಅವುಚಿಕೊಂಡು ಕೂತಿದ್ದಾರೆ. ಕಾಲೇಜಿನಲ್ಲಿ ಸಂಸ್ಕೃತ ಕಲಿಸುವವರು. “ಎರಡು ಸಲ ಬೆಟ್ಟ ಹತ್ತಿಸಿದ್ದೀರಿ, ದೀಪ ಆರಲಿಲ್ಲ. ಇವತ್ತೂ ಆರದಿದ್ದರೆ?” ಎನ್ನುತ್ತಾರೆ.

“ಆರದಿದ್ರೆ ಸೋತೆ ಅಂತ ಒಪ್ಕೊಂಡ್ಬುಡ್ತೀನಿ ಮೇಡಂ. ಮೂರೇ ಸಲ ನನ್ನ ಲೆಕ್ಕ.”

ಕಾರಿನ ಹೊಟ್ಟೆಯಡಿಯಲ್ಲಿ, ಹೊಗೆ ಹೊರಹೋಗುವ ದಾರಿಯಲ್ಲಿ, ಮಸಿಯನ್ನು ಹಿಡಿದಿಡುವ ಒಂದು ಫಿಲ್ಟರ್ ಡಬ್ಬ ಇದೆ. ನಮ್ಮ ಕಡೆಯ ಕಾರುಗಳಲ್ಲಿ ಇನ್ನೂ ಕಾಣಸಿಗದ ವಸ್ತು. ಶಾರದ ಅವರ ತಮ್ಮ ಮಾಧವ ದೆಹಲಿಯಲ್ಲಿ, ವಿದೇಶಿ ಕಚೇರಿಯೊಂದರ ಹರಾಜಿನಲ್ಲಿ ಈ ಕಾರು ಹಿಡಿದು ಅಕ್ಕನಿಗೆ ತಂದುಕೊಟ್ಟರು. ಇಂಜಿನ್ ಚೆನ್ನಾಗಿ ಕಾದರೆ ಡಬ್ಬದ ಮಸಿ ತಾನೇ ಉರಿದುಹೋಗುತ್ತದೆ. ಆದರೆ ಅಕ್ಕನ ಮನೆಗೂ ಕಾಲೇಜಿಗೂ ಎರಡೇ ಕಿಲೋಮೀಟರು. ಇಂಜಿನ್ ಮೈ ಕಾಯಿಸಿಕೊಳ್ಳುವಷ್ಟರಲ್ಲಿ ಗೇಟು ಬಂದಿರುತ್ತದೆ. ವರ್ಷವಿಡೀ ಹೀಗೆ ಓಡಾಡಿ ಡಬ್ಬ ಕಟ್ಟಿಕೊಂಡಿದೆ, ಅದನ್ನು ಸಾರುವ ಹಳದಿ ದೀಪ ಹತ್ತಿದೆ, ಕಾರು ಮುಂದೆ ಹೋಗಲಾರೆ ಎನ್ನುತ್ತಿದೆ.

ಬೇರೆ ಗ್ಯಾರೇಜಿನವರು ಇದಕ್ಕೆ ಸುಲಭದ ಮದ್ದು ಹೇಳಿದ್ದಾರೆ: ಡಬ್ಬ ಕೊಯ್ದು, ಒಳಗಿನದ್ದನ್ನು ಕಿತ್ತು ಬಿಸಾಡಿ, ಖಾಲಿ ಡಬ್ಬವನ್ನು ಬೆಸುಗೆ ಹಾಕಿ ಕೂರಿಸುವುದು. ಅರ್ಧ ದಿನದ ಕೆಲಸ. ಮಸಿಯೆಲ್ಲ ಬೀದಿಗೆ ಬರುತ್ತದೆ, ಅಷ್ಟೇ. ಮಾಧವ ಅದಕ್ಕೇ ಮನಸ್ಸು ಮಾಡಿ ಸೋಮವಾರ ಗೊತ್ತುಮಾಡಿದ್ದಾರೆ. ಮೃತ್ಯುಂಜಯ ಅವರ ನಿದ್ದೆ ಕೆಡಿಸಿರುವುದು ಆ ಸೋಮವಾರ.

ನಜರ್‌ಬಾದಿನ ಒಂದು ಓಣಿಯಲ್ಲಿ, ಹೊಂಗೆ ಮರದ ಕೆಳಗಿನ ತಗಡಿನ ಶೆಡ್ಡು ಇವರ ಗ್ಯಾರೇಜು. ಬೋರ್ಡಿಲ್ಲ. ನಲವತ್ತೇಳರ ಈ ಮನುಷ್ಯ ಒಂದು ಕಡೆ ಕೂತದ್ದನ್ನು ಓಣಿಯವರು ಕಂಡಿಲ್ಲ. ಚಹಾ ತರಿಸುತ್ತಾರೆ, ಎರಡು ಗುಟುಕು ಕುಡಿದು ಬಾನೆಟ್ಟಿನೊಳಗೆ ತಲೆ ಹಾಕುತ್ತಾರೆ, ಚಹಾ ಆರಿ ಕೆನೆಗಟ್ಟುತ್ತದೆ. ಮಾತಿನ ಮಧ್ಯೆ ದೂರದಲ್ಲೊಂದು ಡೀಸೆಲ್ ಗಾಡಿ ಕೆಮ್ಮಿದರೆ ಸಾಕು, ಎದ್ದು ಬೀದಿಗೆ ಓಡುತ್ತಾರೆ.

ತಂದೆ ಸಿದ್ದಮಲ್ಲಪ್ಪ ಮಠಕ್ಕೆ ವಿಭೂತಿ ಮಾಡಿಕೊಡುತ್ತಿದ್ದವರು. ಕಾರಿನ ಡಬ್ಬದ ಗುಟ್ಟು ತಮಗೆ ತಿಳಿದದ್ದು ಯಾವ ಪುಸ್ತಕದಿಂದಲೂ ಅಲ್ಲ, ಅಪ್ಪ ವಿಭೂತಿ ಸುಡುತ್ತಿದ್ದ ಗೂಡಿನಿಂದ ಎಂದು ಮಗ ಹೇಳುತ್ತಾರೆ. “ಸಗಣಿ ಉಂಡೆ ಅರೆಬೆಂದ್ರೆ ಒಳಗೆ ಕರ್ರಗಿರುತ್ತೆ. ಪೂರ್ತಿ ಬೆಂದ್ರೆ ಬೆಳ್ಳಗೆ ವಿಭೂತಿ. ಮಸೀದೂ ಅಷ್ಟೇ ಕಣ್ರೀ. ತಿಕ್ಕಿದ್ರೆ ಹೋಗಲ್ಲ, ಚೆನ್ನಾಗಿ ಬೇಯಿಸ್ಬೇಕು. ಬೇಯಿಸೋಕೆ ಈ ಊರಲ್ಲಿ ಬೆಟ್ಟಕ್ಕಿಂತ ಒಳ್ಳೇ ಒಲೆ ಎಲ್ಲೈತೆ?”

ತೊಂಬತ್ತರ ದಶಕದಲ್ಲಿ ಇದೇ ಮೃತ್ಯುಂಜಯ ಹೊಗೆ ಎಬ್ಬಿಸುವುದರಲ್ಲಿ ಹೆಸರುವಾಸಿಯಾಗಿದ್ದರು ಎಂದರೆ ನಂಬುವುದು ಕಷ್ಟ. ಟ್ಯಾಕ್ಸಿಯವರಿಗೆ ಗಾಡಿಯ ಎಳೆತ ಜಾಸ್ತಿ ಬೇಕಿತ್ತು. ಇವರು ಇಂಜಿನ್ನಿಗೆ ಹೆಚ್ಚು ಡೀಸೆಲ್ ಸುರಿಯುವಂತೆ ಪಂಪಿನ ತಿರುಪನ್ನು ಅರ್ಧ ಸುತ್ತು ಸಡಿಲಿಸುತ್ತಿದ್ದರು. ಗಾಡಿ ಚಿಮ್ಮುತ್ತಿತ್ತು, ಹಿಂದೆ ಓಣಿ ಕತ್ತಲಾಗುತ್ತಿತ್ತು. ಮನೆ ಶೆಡ್ಡಿನ ಬೆನ್ನಿಗೇ. ಹೆಂಡತಿ ಸರ್ವಮಂಗಳಾ ಮಧ್ಯಾಹ್ನ ಹನ್ನೆರಡೂವರೆಗೆ ಬಿಸಿ ಊಟದ ಡಬ್ಬಿ ಹಿಡಿದು ಶೆಡ್ಡಿಗೆ ಬರುತ್ತಿದ್ದರು, ಸೆರಗು ಮೂಗಿಗೆ ಹಿಡಿದು. ಅವರು ಒಣಹಾಕಿದ ಸಂಡಿಗೆಯ ಮೇಲೆ ಕರಿ ಪುಡಿ ಕೂರುತ್ತಿತ್ತು. ಕೆಮ್ಮಿದರೆ ಗಂಡ ಒಗ್ಗರಣೆ ಘಾಟು ಎಂದು ನಗುತ್ತಿದ್ದರು. ಆ ನಗುವನ್ನು ಇವತ್ತು ನೆನೆದರೆ ಅವರಿಗೆ ನಾಚಿಕೆಯಾಗುತ್ತದೆ.

ಎರಡು ಸಾವಿರದ ಐದರಲ್ಲಿ, ಇಂಥ ಫಿಲ್ಟರ್ ಇದ್ದ ಮೊದಲ ಕಾರು ಬಂತು. ಅದರ ಹೊಟ್ಟೆ ಕೊಯ್ದು ಖಾಲಿ ಮಾಡಿದ್ದು ಇವರೇ. ಸದ್ದು ನೋಡಲೆಂದು ಶೆಡ್ಡಿನಲ್ಲೇ ಒಂದು ಗಂಟೆ ಇಂಜಿನ್ ಓಡಿಸಿದರು. ಸಂಜೆ ಸರ್ವಮಂಗಳಾ ಅವರಿಗೆ ಉಸಿರು ಕಟ್ಟಿತು.

“ಆಸ್ಪತ್ರೆಗೆ ಕರ್ಕೊಂಡೋಗೋಕೆ ಬೇರೆ ಗಾಡಿ ಇರ್ಲಿಲ್ಲ. ಅದೇ ಕಾರಲ್ಲಿ ಮಲಗಿಸ್ಕೊಂಡು ಹೋದೆ. ಕನ್ನಡೀಲಿ ನೋಡ್ತೀನಿ, ಹಿಂದೆ ಬರೀ ಕಪ್ಪು. ನಾನೇ ಮಾಡಿದ್ದು ಅದು” ಎಂದು ಹೇಳಿ ಮೃತ್ಯುಂಜಯ ಎದ್ದುಹೋಗುತ್ತಾರೆ. ಮೇಜಿನ ಮೇಲಿದ್ದ ಸ್ಪ್ಯಾನರುಗಳನ್ನು ಜೋಡಿಸಿ, ಕೆಡಿಸಿ, ಮತ್ತೆ ಜೋಡಿಸುತ್ತಾರೆ.

ಹೆಂಡತಿ ಉಳಿದರು. ಸಂಸಾರ ಶೆಡ್ಡಿನ ಬೆನ್ನಿನ ಮನೆ ಬಿಟ್ಟು ಕೆಸರೆ ಬಡಾವಣೆಗೆ ಹೋಯಿತು. ಅಂದಿನಿಂದ ಈ ಮೂರು ವರ್ಷ ಸರ್ವಮಂಗಳಾ ನಜರ್‌ಬಾದಿನ ಕಡೆ ಕಾಲಿಟ್ಟಿಲ್ಲ. ತಂಗಳು ಊಟದ ಡಬ್ಬಿ ಈಗ ಗಂಡನ ಸೈಕಲ್ಲಿಗೆ ನೇತುಬಿದ್ದು ಬರುತ್ತದೆ. ಮೃತ್ಯುಂಜಯ ಅಂದಿನಿಂದ ಒಂದೂ ಡಬ್ಬ ಕೊಯ್ದಿಲ್ಲ, ಒಂದೂ ತಿರುಪು ಸಡಿಲಿಸಿಲ್ಲ. ನೂರ ನಲವತ್ತಕ್ಕೂ ಹೆಚ್ಚು ಸಲ ಬೆಟ್ಟ ಏರಿದ್ದಾರೆ. ಫಿಲ್ಟರಿನ ಕಾರುಗಳು ಬೆರಳೆಣಿಕೆಯಷ್ಟು, ಮಿಕ್ಕವು ಸೈಲೆನ್ಸರಿನಲ್ಲಿ ಮಸಿ ಕಟ್ಟಿಕೊಂಡ ಹಳೇ ಡೀಸೆಲ್ ಗಾಡಿಗಳು. ಊರಿನವರು ಹೊಸ ಕಾರನ್ನು ಪೂಜೆಗೆ ಬೆಟ್ಟಕ್ಕೆ ತರುತ್ತಾರೆ, ಇವರು ಕೆಟ್ಟದ್ದನ್ನು ತರುತ್ತಾರೆ. ದೇವಿಗೆ ಕಾರಿನೊಳಗಿಂದಲೇ ಕೈಮುಗಿದು ಇಳಿಯುತ್ತಾರೆ.

ಮೇಲೆ ನಿಲ್ಲಿಸುವ ಜಾಗವೂ ಗೊತ್ತಾದದ್ದೇ, ಹೂವಿನ ಪುಟ್ಟಲಿಂಗಮ್ಮನ ಅಂಗಡಿಯ ಪಕ್ಕದ ಬೋಳು ಬಂಡೆ. ಮೊದಲ ವರ್ಷ ಬೇಸಿಗೆಯಲ್ಲಿ, ಕೆಂಡವಾಗಿದ್ದ ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಿಬಿಟ್ಟಿದ್ದರು. ಹುಲ್ಲಿಗೆ ಬೆಂಕಿ ಹತ್ತಿತು. ಪುಟ್ಟಲಿಂಗಮ್ಮ ಹೂವಿಗೆಂದು ಹೊತ್ತು ತಂದಿದ್ದ ಎರಡು ಬಿಂದಿಗೆ ನೀರನ್ನೂ ಸುರಿದು ಆರಿಸಿದರು.

ಇವತ್ತೂ ಅವರು ಕಾರು ಕಂಡೊಡನೆ ಬುಟ್ಟಿ ಕೆಳಗಿಟ್ಟು ಬರುತ್ತಾರೆ. “ಮ್ರುತ್ಯುಂಜಯಪ್ಪ, ಅಡೀಲಿ ಉಲ್ಲಿದ್ದದಾ ನೋಡ್ಕಂಡೆಯಾ? ದೀಪ ಎಂಗದೆ?”

“ಉರೀತಾನೇ ಐತೆ ಕಣಕ್ಕ.”

ಮೂರನೆಯ ಸಲವೂ ಮುಗಿಯಿತು. ಮೃತ್ಯುಂಜಯ ಇಂಜಿನ್ ಆರಿಸುವುದಿಲ್ಲ. ಇಳಿಯುತ್ತಾರೆ, ಕಾರಿನ ಸುತ್ತ ಒಂದು ಸುತ್ತು ಬರುತ್ತಾರೆ, ಬಗ್ಗಿ ಕಿವಿಗೊಡುತ್ತಾರೆ. “ಸದ್ದು ಹಗುರ ಆಗೈತೆ ಮೇಡಂ. ಒಳಗೆ ಬೇಯ್ತಾ ಐತೆ. ಮೂರು ಸಲ ಅಂದಿದ್ದೆ, ಮಾತು ತಪ್ತಾ ಇದೀನಿ. ನಂದಿ ವಿಗ್ರಹದ ತನಕ ಇಳಿದು ಇನ್ನೊಂದ್ಸಲ ಹತ್ತಿಸ್ಲಾ?”

ಶಾರದ ಗಡಿಯಾರ ನೋಡಿಕೊಳ್ಳುತ್ತಾರೆ. ಎಂಟಕ್ಕೆ ತರಗತಿ. “ಹತ್ತಿಸಿ. ಮಾಧವನಿಗೆ ನಾನು ಹೇಳ್ಕೋತೀನಿ” ಎಂದು ಈ ಸಲ ಮುಂದಿನ ಸೀಟಿಗೆ ಬಂದು ಕೂರುತ್ತಾರೆ.

ಮತ್ತೆ ಎರಡನೇ ಗೇರು, ಮತ್ತೆ ಅರಚಾಟ. ಈಗ ಶಾರದ ಅವರ ಕಣ್ಣೂ ದೀಪದ ಮೇಲೆ. ಕೆಳಗೆ ಊರು ಕಾಣುವ ತಿರುವಿನಲ್ಲಿ ಕಾರು ಒಮ್ಮೆ ಉಸಿರು ಬಿಟ್ಟಂತೆ ಮುಂದಕ್ಕೆ ಜಿಗಿಯುತ್ತದೆ. ಹಳದಿ ದೀಪ ಆರುತ್ತದೆ. “ಆರ್ತು!” ಎಂದು ಮೊದಲು ಕೂಗಿದ್ದು ಶಾರದ.

ಇನ್ನು ಒಂದು ಪರೀಕ್ಷೆ ಬಾಕಿ. ಬಂಡೆಯ ಮೇಲೆ ಕಾರು ನಿಲ್ಲಿಸಿ, ಮೃತ್ಯುಂಜಯ ಜೇಬಿನಿಂದ ಒಂದು ಬಿಳಿ ಬಟ್ಟೆ ತೆಗೆಯುತ್ತಾರೆ. ಹೆಂಡತಿಯ ಹಳೇ ಸೀರೆಯ ತುಂಡು. ಹೊಗೆ ಕೊಳವೆಯ ಬಾಯಿಗೆ ಅದನ್ನು ಹಿಡಿದು ಶಾರದ ಅವರಿಂದ ಐದು ಸಲ ಆಕ್ಸಿಲರೇಟರ್ ಒತ್ತಿಸುತ್ತಾರೆ. ಬಟ್ಟೆಯ ಮೇಲೆ ತೇವದ ಒಂದು ಉಂಗುರ ಮೂಡುತ್ತದೆ, ಕಪ್ಪಿಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಎದೆಜೇಬಿಗೆ ಸೇರಿಸುತ್ತಾರೆ. ಇನ್ನು ವಾರಕ್ಕೊಮ್ಮೆ ಶ್ರೀರಂಗಪಟ್ಟಣದ ತನಕ ಓಡಿಸಿಕೊಂಡು ಬನ್ನಿ ಎಂದು ಶಾರದ ಅವರಿಗೆ ತಾಕೀತು ಮಾಡುತ್ತಾರೆ.

ಗ್ಯಾರೇಜು ತೆರೆಯುವ ಮುಂಚೆ ಅವರ ಸೈಕಲ್ಲು ಕೆಸರೆಗೆ ತಿರುಗುತ್ತದೆ. ಸರ್ವಮಂಗಳಾ ಮಹಡಿಯ ಮೇಲೆ ಸಂಡಿಗೆ ಇಡುತ್ತಿದ್ದಾರೆ. ಗಂಡ ಕೊಟ್ಟ ಬಟ್ಟೆಯನ್ನು ಬಿಸಿಲಿಗೆ ಹಿಡಿದು ಈ ಮಗ್ಗುಲು ಆ ಮಗ್ಗುಲು ತಿರುವುತ್ತಾರೆ. ಮೂಸುತ್ತಾರೆ. ಮೃತ್ಯುಂಜಯ ನಿಂತಲ್ಲಿ ನಿಲ್ಲಲಾರದೆ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಹಾಕುತ್ತಾರೆ.

“ನಾಲ್ಕನೇ ಸಲ ಹತ್ತಿಸಿದ್ರಂತೆ?”

“ಯಾರೇಳಿದ್ರು?”

“ಶಾರದ ಮೇಡಂ ಫೋನ್ ಮಾಡಿದ್ರು.” ಅವರು ಬಟ್ಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆಯೆತ್ತದೆ ಇನ್ನೊಂದು ಸಂಡಿಗೆ ಇಡುತ್ತಾರೆ. “ಸೋಮವಾರ ಊಟದ ಡಬ್ಬಿ ತಗೊಂಡೋಗ್ಬೇಡಿ. ಬಿಸಿಯಾಗಿ ನಾನೇ ತರ್ತೀನಿ, ಶೆಡ್ಡಿಗೆ.”

ಮೃತ್ಯುಂಜಯ ಟ್ಯಾಂಕಿನ ಮುಚ್ಚಳ ಮುಚ್ಚಿ ಬಂದು ಹೆಂಡತಿಯ ಪಕ್ಕ ಕೂರುತ್ತಾರೆ. ಆಮೇಲೆ ಕೇಳುತ್ತಾರೆ: “ಹನ್ನೆರಡೂವರೆಗೇ ತಾನೇ? ಆ ಹೊತ್ತಲ್ಲಿ ಒಂದು ಇಂಜಿನ್ನೂ ಚಾಲೂ ಮಾಡಲ್ಲ ಬುಡು.”